ಮಿನ್ನಿ ಎಂದರೆ ಬಿದ್ದಿ

ಫೆಬ್ರವರಿ 4, 1981, ಬುಧವಾರ

ಈ ಡೈರಿಯನ್ನು ಹೊಸ ವರ್ಷಕ್ಕೆ ಶವಸಂಸ್ಕಾರದ ಅಂಗಡಿಯವರು ಚರ್ಚಿನಲ್ಲಿ ಎಲ್ಲರಿಗೂ ಪುಕ್ಕಟೆ ಹಂಚಿದರು. ಪ್ರತಿ ಪುಟದ ಕೆಳಗೆ 'ನಿಮ್ಮ ಸೇವೆಗೆ ಸದಾ ಸಿದ್ಧ' ಎಂದು ಅಚ್ಚಾಗಿದೆ. ನನಗೆ ಬರೆಯುವ ಚಟವಿಲ್ಲ. ಆದರೆ ನಿನ್ನೆಯಿಂದ ಹೆಂಡತಿ ಮಾತು ಬಿಟ್ಟಿದ್ದಾಳೆ, ಸುಮ್ಮನಿದ್ದು ನನಗೆ ಅಭ್ಯಾಸವಿಲ್ಲ, ಆದ್ದರಿಂದ ಇದು.

ನಡೆದದ್ದು ಇಷ್ಟೇ. ಕಾರ್ಖಾನೆಯಿಂದ ಬಂದವನೇ ಅಭ್ಯಾಸಕ್ಕೆಂದು ನೆಲಮಾಳಿಗೆಗೆ ಇಳಿದೆ. ನಮ್ಮೂರು ಡೇಟನ್ನಿನ ಫೆಬ್ರವರಿ ಚಳಿಯೆಲ್ಲ ನಮ್ಮ ನೆಲಮಾಳಿಗೆಯಲ್ಲೇ ಬಂದು ಕೂತಿರುತ್ತದೆ. ಸಿಂಥ್ ಕೀಬೋರ್ಡಿನ ಗುಂಡಿ ಒತ್ತಿ, ಬೆರಳಿಗೆ ಉಸಿರು ಊದಿಕೊಂಡು, ಕೂಡಲೇ ಶುರು ಮಾಡಿದೆ. ಮಿನ್ನಿ ಹಾಡುತ್ತಾಳೆ, ಅವಳ ತಮ್ಮ ಥ್ಯಾಡಿಯಸ್ ಬೇಸ್ ಗಿಟಾರ್ ನುಡಿಸುತ್ತಾನೆ, ತಾಳಕ್ಕೆ ಒಂದು ಪುಟ್ಟ ಯಂತ್ರವಿದೆ, ಕೀಬೋರ್ಡು ಮತ್ತು ಮುಖಂಡತನ ನನ್ನದು. ಹಾಡು ನಾನೇ ಕಟ್ಟಿದ್ದು, ಅದರ ಹೆಸರೂ 'ಮಿನ್ನಿ'. ಮೇಲಿನ ಸ್ವರಕ್ಕೆ ಹೋದಾಗ ಅವಳ ಧ್ವನಿ ನನ್ನ ಸಿಂಥಿಗಿಂತ ತುಸು ಕೆಳಗಿತ್ತು. ಅದನ್ನು ಹೇಳುವುದು ಮುಖಂಡನ ಕೆಲಸ.

"ಮಿನ್ನಿ, ಬಿದ್ದಿ," ಅಂದೆ. ಸ್ವರದಲ್ಲಿ ಬಿದ್ದೆ ಎಂದು ಅರ್ಥ, ಸಂಗೀತದವರಿಗೆಲ್ಲ ಗೊತ್ತಿರುವ ಮಾತು.

"ಏನಂದಿ?"

"ಬಿದ್ದಿ. ಕೂದಲೆಳಿಯಷ್ಟು ಕೆಳಗ."

"ಚರ್ಚಿನ್ಯಾಗ ನಾ ಹಾಡಾಕ ನಿಂತ್ರ ಪಿಯಾನೋ ನನ್ನ ಕೇಳಿ ಶ್ರುತಿ ತಿದ್ಕೋತೈತಿ. ನಾ ಬೀಳಂಗಿಲ್ಲ, ಹೊಸಿಯಾ. ನಿನ್ನ ಡಬ್ಬಿ ಏರೇತಿ."

"ಅದು ಯಂತ್ರ, ಮಿನ್ನಿ. ಯಂತ್ರ ತಪ್ಪಂಗಿಲ್ಲ."

"ಹಂಗಾರ ಯಂತ್ರದ ಕಡೀಂದಽ ಹಾಡಸ್ಕೋ."

ಮೈಕನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದಳು. ಥ್ಯಾಡಿಯಸ್ ಗಿಟಾರಿನ ತಂತಿ ಒರೆಸುತ್ತ ಕೂತ. ರಾತ್ರಿ ಊಟಕ್ಕೆ ಹುರಿದ ಕೋಳಿ ಇತ್ತು, ಮಾತಿರಲಿಲ್ಲ. ಮನೆ ಶಾಂತವಾಗಿದೆ, ನನಗಂತೂ ಬಹಳ ಹಿತವಾಗಿದೆ.

ಫೆಬ್ರವರಿ 7, ಶನಿವಾರ

ಇಪ್ಪತ್ತೆಂಟಕ್ಕೆ, ಗಾಲಿ ಬೂಟು ಕಟ್ಟಿಕೊಂಡು ಜನ ಜಾರಾಡುವ ಸ್ಕೇಟಿಂಗ್ ರಿಂಕಿನಲ್ಲಿ ನಮ್ಮ ಕಾರ್ಯಕ್ರಮವಿದೆ. "ಅಕ್ಕ ಇಲ್ಲದ ನಾವು ಅಂದ್ರ ಲಿಫ್ಟಿನ್ಯಾಗ ಹಾಕೋ ಸಂಗೀತ," ಎಂದ ಥ್ಯಾಡಿಯಸ್. ಸಾರಿ ಕೇಳು ಎಂದ. ಯಂತ್ರದ ಪರವಾಗಿ ನಾನೇಕೆ ಸಾರಿ ಕೇಳಲಿ?

ನಮ್ಮ ವೆಸ್ಟ್ ಸೈಡ್ ಬಡಾವಣೆಯಲ್ಲಿ ಈಗ ಬೀದಿಗೊಬ್ಬ ಬಾಯಿಗೆ ಕೊಳವೆ ಇಟ್ಟುಕೊಂಡು ಕೀಬೋರ್ಡನ್ನು ಮಾತಾಡಿಸುತ್ತಿದ್ದಾನೆ. ಸ್ವರ ಕೀಬೋರ್ಡಿನದ್ದು, ಬಾಯಿ ಮನುಷ್ಯನದ್ದು. ಕೊಳವೆಯಲ್ಲಿ ಬಂದ ಸದ್ದು ಬಾಯೊಳಗೆ ತುಂಬುತ್ತದೆ, ಗಂಟಲಿಂದ ಒಂದಿಷ್ಟೂ ದನಿ ತೆಗೆಯದೆ ತುಟಿ ನಾಲಿಗೆ ಆಡಿಸಿದರೆ ಆ ಸದ್ದೇ ಮಾತಾಗಿ ಹೊರಬರುತ್ತದೆ, ಎದುರಿನ ಮೈಕು ಅದನ್ನು ಹಿಡಿಯುತ್ತದೆ. ಅಂಗಡಿಯಲ್ಲಿ ಸಿದ್ಧವಾದದ್ದು ಸಿಗುತ್ತದೆ. ಆದರೆ ಕಾರಿನ ಬ್ರೇಕು ಜೋಡಿಸುವವನು ಒಂದು ಪೆಟ್ಟಿಗೆ ಜೋಡಿಸಲಾರನೇ?

ಮಿನ್ನಿಯೇ ಹೇಳಿದ್ದಾಳೆ, ಯಂತ್ರದ ಕಡೆಯಿಂದ ಹಾಡಿಸಿಕೋ ಎಂದು. ಹೆಂಡತಿಯ ಮಾತು ಮೀರುವ ಗಂಡ ನಾನಲ್ಲ.

ಫೆಬ್ರವರಿ 11, ಬುಧವಾರ

ಚರ್ಚಿನ ಮಾಡಿನ ಮೇಲೆ ಮೊದಲು ಗಂಟೆಯ ಸದ್ದು ಬಿತ್ತರಿಸುತ್ತಿದ್ದ ಲೌಡ್‌ಸ್ಪೀಕರ್ ಹಾರ್ನುಗಳು ಈಗ ಸಾಮಾನಿನ ಕೋಣೆಯಲ್ಲಿ ಧೂಳು ತಿನ್ನುತ್ತಿವೆ. ಪಾಸ್ಟರ್ ಟಾಲಿವರ್ ಎರಡು ಹಾರ್ನು ಒಯ್ಯಲು ಬಿಟ್ಟರು. ಅಗಲದ ಬಾಯಿ ಬಿಚ್ಚಿದರೆ ಹಿಂದೆ ಮುಷ್ಟಿಗಾತ್ರದ ಯೂನಿಟ್ ಇರುತ್ತದೆ, ಸದ್ದು ಹುಟ್ಟುವುದು ಅದರಲ್ಲೇ. ಅದರ ಕಂಠಕ್ಕೆ ನಲ್ಲಿ ರಿಪೇರಿಯವರ ಒಂದು ಪಿತ್ತಾಳೆ ಜೋಡಣೆ ಸರಿಯಾಗಿ ಕೂತಿತು.

ಸಂಜೆ ಪ್ರಾರ್ಥನಾ ಸಭೆಯಲ್ಲಿ, ಯಾರಿಗೆ ಏನು ಪ್ರಾರ್ಥಿಸಬೇಕು ಹೇಳಿ ಎಂದು ಪಾಸ್ಟರ್ ಕೇಳಿದಾಗ ಮಿನ್ನಿ ಎದ್ದು ನಿಂತಳು.

"ನಮ್ಮ ಮನ್ಯಾಗ ಒಬ್ರು ಅದಾರ. ಕಸದ ಡಬ್ಬಿ ಹೊರಗಿಡೂ ಶಕ್ತಿ ದೇವರು ಅವರಿಗೆ ಕೊಡ್ಲಿ."

"ಆಮೆನ್," ಎಂದಿತು ಸಭೆ.

ನಾನೂ ಎದ್ದೆ. "ನಮ್ಮ ಮನ್ಯಾಗ ಇನ್ನೊಬ್ರು ಅದಾರ. ಕಸದ ದಿನ ಗುರುವಾರ, ಬುಧವಾರ ಅಲ್ಲ ಅನ್ನೂ ತಿಳುವಳಿಕಿ ಅವರಿಗೆ ಸಿಗ್ಲಿ."

ಇದಕ್ಕೂ ಆಮೆನ್ ಬಂತು, ಆದರೆ ಮೊದಲಿನದಕ್ಕೆ ಬಂದಷ್ಟು ಜೋರಾಗಿ ಅಲ್ಲ. ಎಣಿಸಿದವನಂತೆ ಹೇಳುತ್ತಿಲ್ಲ, ಕಿವಿಗೆ ಬಿದ್ದದ್ದನ್ನು ಬರೆದೆ.

ಫೆಬ್ರವರಿ 14, ಶನಿವಾರ

ಪ್ರೇಮಿಗಳ ದಿನ. ಚಾಕೊಲೇಟ್ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಮುಟ್ಟಲಿಲ್ಲ. ಹಾಳಾಗಬಾರದಲ್ಲ ಎಂದು ನಾನೇ ತಿಂದೆ.

ಫೆಬ್ರವರಿ 17, ಮಂಗಳವಾರ

ಮೀನಿನ ತೊಟ್ಟಿಯ ಕೊಳವೆ ತೀರ ಸಣ್ಣದು, ಸೊಳ್ಳೆ ಹಾಡಿದಂತಾಯಿತು. ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯಿಂದ ನಾಲಿಗೆ ಮರಗಟ್ಟಿ ಇಡೀ ಸಂಜೆ ಯಾವುದಕ್ಕೂ ರುಚಿಯಿರಲಿಲ್ಲ. ಬಟ್ಟೆ ಒಗೆಯುವ ಯಂತ್ರದ ಹಿಂದಿನ ಕೊಳವೆ ಚೆನ್ನಾಗಿಯೇ ಹೊಂದಿತು, ಆದರೆ ಮಿನ್ನಿ ಅದೇ ಹೊತ್ತಿಗೆ ಯಂತ್ರಕ್ಕೆ ಬಟ್ಟೆ ಹಾಕಿ ನೆಲಮಾಳಿಗೆಯಲ್ಲಿ ನನ್ನ ಪಾದ ಮುಳುಗುವಷ್ಟು ಸೋಪು ನೀರು ತುಂಬಿತು. ಕಡೆಗೆ ಹಾರ್ಡ್‌ವೇರ್ ಅಂಗಡಿಯಿಂದ ಬೆರಳು ದಪ್ಪದ ಪಾರದರ್ಶಕ ಕೊಳವೆ ತಂದೆ.

ಇಷ್ಟು ನೀರು ತುಂಬಿದರೂ ಬಯ್ಯಲಿಲ್ಲ. ಮೆಟ್ಟಿಲ ಮೇಲೆ ನಿಂತು ನೋಡಿ ಹೋದಳು. ಇಂಥ ಹೊತ್ತಿಗೆ ಅವಳು ಹೇಳುವ ನಾಲ್ಕು ಮಾತು ನನಗೆ ಬಾಯಿಪಾಠ. ಒರೆಸುತ್ತ ನಾನೇ ಅವನ್ನು ಹೇಳಿಕೊಂಡೆ.

ಫೆಬ್ರವರಿ 20, ಶುಕ್ರವಾರ

ಮೊದಲ ಯೂನಿಟ್ ಸುಟ್ಟುಹೋಯಿತು. ಕೆಳಗಿನ ಸ್ವರಗಳನ್ನು ಅದು ತಾಳುವುದಿಲ್ಲ. ಎರಡನೆಯದಕ್ಕೆ ಒಂದು ಕೆಪಾಸಿಟರ್ ಹಾಕಿ ಕೆಳಸ್ವರ ಒಳಗೆ ಬಾರದಂತೆ ತಡೆದೆ.

ಸದ್ದು ಕೊಳವೆಯಲ್ಲಿ ಮಾತ್ರ ಹೋಗಬೇಕು, ಪಕ್ಕಕ್ಕೆ ಸೋರಬಾರದು. ಅದಕ್ಕೆ ಯೂನಿಟ್ಟನ್ನು ಮೆತ್ತಗೆ ಸುತ್ತಿ ಒಂದು ಗಟ್ಟಿ ಪೆಟ್ಟಿಗೆಯಲ್ಲಿಡಬೇಕು. ಮನೆಯೆಲ್ಲ ಹುಡುಕಿದರೂ ಸರಿಯಾದ ಪೆಟ್ಟಿಗೆ ಒಂದೇ ಇತ್ತು, ಮಿನ್ನಿಯ ಹಳದಿ ಟೋಪಿಯದು. ಈಸ್ಟರಿಗೆ ಅವಳು ಆ ಟೋಪಿ ಹಾಕಿದರೆ ಹಿಂದಿನ ಮೂರು ಸಾಲಿಗೆ ಪಾಸ್ಟರ್ ಕಾಣುವುದಿಲ್ಲ. ಟೋಪಿಯನ್ನು ಜೋಪಾನವಾಗಿ ಫ್ರಿಜ್ಜಿನ ಮೇಲಿಟ್ಟೆ. ಸುತ್ತಲು ಅವಳ ದಪ್ಪ ಕೋಟು ತೆಗೆದುಕೊಂಡೆ, ಎರಡು ಚಳಿಗಾಲದಿಂದ ಅದನ್ನು ಹಾಕಿರಲಿಲ್ಲ.

ಸಂಜೆ ಅವಳು ಥ್ಯಾಡಿಯಸ್‌ಗೆ ಫೋನ್ ಮಾಡಿ, ನನಗೆ ಕೇಳಿಸುವ ಹಾಗೆ, "ಮದುವಿ ಆದ ಹದಿನಾಲ್ಕು ವರ್ಷದಾಗ ನನಗ ಬಾಳ ಮಂದಿ ಟೋಪಿ ಹಾಕ್ಯಾರ. ತಗದಾಂವ ಇವನೊಬ್ಬನಽ," ಅಂದಳು.

ಫೆಬ್ರವರಿ 22, ಭಾನುವಾರ

ಮಾತಾಡಿತು!

ಕೊಳವೆಯ ತುದಿಯನ್ನು ಬಾಯಿಯ ಮೂಲೆಯಲ್ಲಿ ಕಚ್ಚಿಕೊಂಡು ಒಂದು ಸ್ವರ ಒತ್ತಿದೆ. ತಲೆಬುರುಡೆಯೆಲ್ಲ ಹಾಡಿತು, ಹಲ್ಲುಗಳು ಜುಮ್ಮೆಂದವು, ಒಂದು ಹುಳುಕು ಹಲ್ಲಿನ ಸಿಮೆಂಟು ಕಿತ್ತುಬಂತು. ಜೊಲ್ಲು ಕೊಳವೆಯೊಳಗೆ ಇಳಿಯುತ್ತದೆ, ಆಗಾಗ ಝಾಡಿಸಬೇಕು. ಆದರೆ 'ಹಲೋ' ಎಂದರೆ ಸಿಂಥು ಹಲೋ ಎಂದಿತು. ನಾನು ಒಬ್ಬನೇ ಕುಣಿದೆ.

ಒಂದು ಸಣ್ಣ ತೊಡಕಿದೆ. ಬಾಯಲ್ಲಿ ಕೊಳವೆ ಇರುವಾಗ ಮೂಗಿನ ಅಕ್ಷರಗಳು ಏಳುವುದಿಲ್ಲ, ನೆಗಡಿಯಾದವರ ಹಾಗೆ. ಮ ಅಂದರೆ ಬ, ನ ಅಂದರೆ ದ. 'ಮನೆ' ಹೋಗಿ 'ಬದೆ' ಆಗುತ್ತದೆ. ನನ್ನ ಹಾಡಿನ ಪಲ್ಲವಿ 'ಮಿನ್ನಿ, ಮಿನ್ನಿ, ಬಾ ನನ್ನ ಕಡೆ'. ಅದನ್ನು ಹಾಡಿದೆ. ಪೆಟ್ಟಿಗೆ ಸ್ಪಷ್ಟವಾಗಿ, ಇಡೀ ಮನೆಗೆ ಕೇಳುವಂತೆ, "ಬಿದ್ದಿ, ಬಿದ್ದಿ, ಬಾ ದದ್ದ ಕಡೆ," ಎಂದಿತು.

ಮೇಲಿನ ಕೋಣೆಯಲ್ಲಿ ಒಂದು ಬಾಗಿಲು ದಡ್ ಎಂದು ಮುಚ್ಚಿತು. ಗಾಳಿಗಿರಬೇಕು.

ಮಾರ್ಚ್ 1, ಭಾನುವಾರ

ನಿನ್ನೆಯ ರಿಂಕಿನ ಬಗ್ಗೆ ಎಲ್ಲವನ್ನೂ ಬರೆದಿಡಬೇಕು. ನನ್ನ ಸಂಗೀತ ಜೀವನದಲ್ಲಿ ಇಂಥ ಯಶಸ್ಸು ಕಂಡಿಲ್ಲ.

ರಾತ್ರಿ ರಿಂಕು ಕಿಕ್ಕಿರಿದಿತ್ತು. ನಾನು ಟೋಪಿ ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ಕೊಳವೆ ಕಚ್ಚಿ, "ಬಿದ್ದಿ," ಎಂದೆ. ಅಷ್ಟೇ ಹೊತ್ತಿಗೆ ನೇರಳೆ ಸೂಟಿನ ಒಬ್ಬ ದಢೂತಿ ಮನುಷ್ಯ ನನ್ನೆದುರಿಗೇ ಜಾರಿ ಕುಕ್ಕರಿಸಿದ. ಕೂತಲ್ಲಿಂದಲೇ ನನ್ನ ಕಡೆ ಕೈ ತೋರಿಸಿ, "ಹೌದಪಾ, ಬಿದ್ದೆ! ಗೊತ್ತಾತು! ಮತ್ಯಾಕ ಸಾರತಿ?" ಎಂದು ಕೂಗಿದ. ಅವನ ಹೆಂಡತಿ ನಗುತ್ತ ನಗುತ್ತ ಅವನ ಮೇಲೇ ಬಿದ್ದಳು. ಪಲ್ಲವಿ ಮತ್ತೆ ಬಂತು, ಮತ್ತೆ ಮೂರು ಮಂದಿ. ನಾಲ್ಕನೇ ಸಲಕ್ಕೆ ಎಲ್ಲರಿಗೂ ರೂಢಿಯಾಯಿತು. ನಾನು ಬಿದ್ದಿ ಎನ್ನುವುದು, ಇಡೀ ರಿಂಕು ಬೇಕೆಂದೇ ಧಡಾಧಡ ಬೀಳುವುದು, ಎದ್ದು ಇನ್ನೊಮ್ಮೆ ಎನ್ನುವುದು. ಪಾದ್ರಿಯಂತೆ ಕಪ್ಪು ಸೂಟು ಹಾಕಿದ್ದ ಮುದುಕರೊಬ್ಬರು ಬೀಳಲು ಬೇರೆಯವರ ನೆರವು ಕೇಳಿದರು.

ರಿಂಕಿನ ಮಾಲೀಕ ನನ್ನ ಕೈ ಹಿಡಿದು, "ಹಾಡೋರು ಬಂದು ಹೋಗ್ತಾರ್ರಿ, ಬೀಳಸೋರು ಸಿಗಂಗಿಲ್ಲ," ಎಂದ.

ಮನೆಗೆ ಬಂದಾಗ ಹೇಳಬೇಕೆಂದು ಬಾಯಿ ತುದಿಗೆ ಬಂದಿತ್ತು. ಇಂಥದ್ದನ್ನು ಹೇಳಿದರೆ ಮಿನ್ನಿ ಮೊದಲು ಕಣ್ಣು ಮುಚ್ಚಿ ಸದ್ದಿಲ್ಲದೆ ನಗುತ್ತಾಳೆ, ಆಮೇಲೆ ಸದ್ದು ಬರುತ್ತದೆ. ಅವಳು ಆಗಲೇ ಮಲಗಿದ್ದಳು. ಥ್ಯಾಡಿಯಸ್‌ಗೆ ಫೋನ್ ಮಾಡಿದೆ. ಅವನು ನನ್ನ ಜೊತೆಗೇ ಇದ್ದನಲ್ಲ, ಅವನಿಗೆ ಹೊಸದೇನೂ ಇರಲಿಲ್ಲ.

ಮಾರ್ಚ್ 4, ಬುಧವಾರ

ಪ್ರಾರ್ಥನಾ ಸಭೆಗೆ ಈಗ ಕೂರಲು ಜಾಗವಿಲ್ಲ. ನಮ್ಮಿಬ್ಬರ ಬಿನ್ನಹ ಕೇಳಲು ಬೇರೆ ಚರ್ಚಿನವರೂ ಬರುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಯಾರೋ ಶೇಂಗಾ ಸುಲಿಯುತ್ತಿದ್ದರು.

ಮಿನ್ನಿ ಎದ್ದಳು. ಇವತ್ತು ನನ್ನ ಕಡೆ ನೋಡಲೇ ಇಲ್ಲ.

"ಒಬ್ರು ನನ್ನ ನೆಲಮಾಳಿಗ್ಯಾಗ ಅವಮಾನ ಮಾಡಿದ್ರು, ತಡಕೊಂಡೆ. ಈಗ ಇಡೀ ವೆಸ್ಟ್ ಸೈಡಿನ ಕಡೀಂದ ಮಾಡಸಾಕತ್ಯಾರ. ನಾ ಕೂದಲ ಕಟ್ಟೋ ಅಂಗಡ್ಯಾಗ ಹೆಣ್ಮಕ್ಕಳು ಡ್ರೈಯರ್ ಒಳಗ ತಲಿ ಇಟ್ಕೊಂಡು ಬಿದ್ದಿ, ಬಿದ್ದಿ ಅಂತ ಹಾಡ್ತಾರ. ಹದಿನೈದಕ್ಕ ನಮ್ಮ ಗಾಯನ ತಂಡದ ವರ್ಷದ ಹಬ್ಬ. ಅವತ್ತು ಅವರು ನುಡಿಸಿದ್ರ ನಾ ಹಾಡಂಗಿಲ್ಲ. ಹದಿನಾರಕ್ಕ ನಾ ಕ್ಲೀವ್‌ಲ್ಯಾಂಡಿಗೆ, ನಮ್ಮ ಚಿಕ್ಕಮ್ಮನ ಮನಿಗೆ ಹೊಂಟೀನಿ. ಬಸ್ಸಿನ ಪ್ರಯಾಣ ಸುಖ ಆಗ್ಲಿ ಅಂತ ಪ್ರಾರ್ಥನಾ ಮಾಡ್ರಿ. ಹೋಗೂದಕ್ಕ ಅಷ್ಟಽ ಮಾಡ್ರಿ, ಬರೂದಕ್ಕ ಬ್ಯಾಡ."

ಯಾರೂ ಆಮೆನ್ ಎನ್ನಲಿಲ್ಲ. ಶೇಂಗಾದ ಸದ್ದೂ ನಿಂತಿತು. ಪಾಸ್ಟರ್ ನನ್ನ ಮುಖ ನೋಡಿ, "ಬ್ರದರ್ ಕ್ರಚರ್, ಹಂಗಾರ ಹಬ್ಬಕ್ಕ ಹಾಡೋರು ಯಾರು?" ಎಂದರು.

ಹೇಳಬೇಕಾದ್ದು ಬೇರೇನೋ ಇತ್ತು. "ಪೆಟ್ಟಿಗಿ," ಅಂದೆ.

ಹೋಗಲಿ. ಅವಳ ಇಷ್ಟ. ಕ್ಲೀವ್‌ಲ್ಯಾಂಡ್ ಕೆರೆಯ ದಂಡೆಯ ಊರು, ಅಲ್ಲಿ ಚಳಿ ಇಲ್ಲಿಗಿಂತ ಹೆಚ್ಚು.

ಮಾರ್ಚ್ 7, ಶನಿವಾರ

ಅಭ್ಯಾಸಕ್ಕೆ ಥ್ಯಾಡಿಯಸ್ ಬಂದ. ನಾನು ಸಿಂಥ್ ಹಚ್ಚಿ ಕೊಳವೆ ಕಚ್ಚಿ ಮೇಲಿನ ಸ್ವರ ಹಿಡಿದೆ. ಅವನು ಗಿಟಾರಿನ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ.

"ಹೊಸಿಯಾ, ಏರಿದಿ."

"ನಾ ಎಲ್ಲಿ ಏರಿದೆ? ನನ್ನ ಗಂಟಲಾ ಇದರಾಗ ಇಲ್ಲವಽ ಇಲ್ಲ."

"ಹಂಗಾರ ಪೆಟ್ಟಿಗಿ ಏರೇತಿ." ಕಿಸೆಯಿಂದ ಶ್ರುತಿ ಕವೆ ತೆಗೆದು ಮೊಣಕಾಲಿಗೆ ಬಡಿದು ನನ್ನ ಕಿವಿಗೆ ಹಿಡಿದ. "ಕೇಳು. ಈಗ ಮ್ಯಾಲ ಹೋಗಿ ಕಾಫಿ ಕುಡ್ದು ಬರೂಣು ಬಾ."

ಕುಡಿದು ಬಂದೆವು. ಸಿಂಥ್ ಅಷ್ಟು ಹೊತ್ತಿಗೆ ಬೆಚ್ಚಗಾಗಿತ್ತು. ಅದೇ ಸ್ವರ ಒತ್ತಿದೆ. ಕವೆಗೆ ಸರಿಯಾಗಿ ಹೊಂದಿತು.

"ತಣ್ಣಗಿದ್ದಾಗ ಏರಿರತೈತಿ, ಬಿಸಿ ಆದ್ಮ್ಯಾಲ ಜಾಗಾಕ್ಕ ಬರತೈತಿ," ಎಂದ ಥ್ಯಾಡಿಯಸ್. "ಅವತ್ತು ನೀ ಹಚ್ಚಿದ ಕೂಡ್ಲೆ ಶುರು ಮಾಡಿದ್ದಿ. ಹಂಗಾರ ಅವತ್ತು ಬಿದ್ದವರು ಯಾರು?"

"ಕಾಫಿ ಕಹಿ ಆಗಿತ್ತು," ಅಂದೆ.

ಇದು ತಾಂತ್ರಿಕ ವಿಷಯ. ಎಲ್ಲರಿಗೂ ಸಾರುತ್ತ ತಿರುಗುವ ಅಗತ್ಯವಿಲ್ಲ. ಚಳಿಗೆ ಯಾರ ಸ್ವರ ಬೇಕಾದರೂ ಹೆಚ್ಚುಕಡಿಮೆಯಾಗುತ್ತದೆ. ಮಿನ್ನಿಯದು ಮಾತ್ರ ಆಗಿರಲಿಲ್ಲ, ಅದು ಬೇರೆ.

ಮಾರ್ಚ್ 8, ಭಾನುವಾರ

ಬೆಳಗ್ಗೆ ಅಡುಗೆಮನೆಯಲ್ಲಿ ಅವಳು ಗ್ರಿಟ್ಸ್ ಗಂಜಿ ಕಲಕುತ್ತಿದ್ದಾಗ ಹತ್ತಿರ ಹೋಗಿ ನಿಂತೆ. ಬಾಯಿ ತೆರೆದೆ. "ಬೆಣ್ಣಿ ಎಲ್ಲೈತಿ?" ಎಂದು ಬಂತು.

ಬೆಣ್ಣೆ ನನ್ನ ಕೈಯಲ್ಲೇ ಇತ್ತು.

ಮಾರ್ಚ್ 10, ಮಂಗಳವಾರ

ಪೆಟ್ಟಿಗೆಯಿಂದ ಅವಳ ಕೋಟು ತೆಗೆದೆ, ಕೊಡವಿ, ಬಿಡಿಸಿ, ಬಾಗಿಲ ಹಿಂದೆ ತೂಗುಹಾಕಿದೆ. ಕ್ಲೀವ್‌ಲ್ಯಾಂಡಿನ ಗಾಳಿಗೆ ಬೇಕಾಗುತ್ತದೆ. ಒಂದು ಗುಂಡಿ ಸಡಿಲವಾಗಿತ್ತು, ಹೊಲಿದೆ. ಪೆಟ್ಟಿಗೆಯಲ್ಲಿ ಕೋಟಿನ ಜಾಗಕ್ಕೆ ನನ್ನ ಅಂಗಿಗಳನ್ನೆಲ್ಲ ತುರುಕಿದರೂ ಸದ್ದು ಸೋರುತ್ತಿದೆ. ಇರಲಿ.

ಹಬ್ಬದ ದಿನ ಪದ ಸ್ಪಷ್ಟವಾಗಿ ಬರಬೇಕು. ಅದಕ್ಕೆಂದು ಒಂದೇ ವಾಕ್ಯವನ್ನು ಹಿಡಿದು ದಿನವೂ ಅಭ್ಯಾಸ ಮಾಡುತ್ತಿದ್ದೇನೆ. 'ಮಿನ್ನಿ, ನನ್ನ ಮನ್ನಿಸು, ತಪ್ಪು ನಂದು.' ಈ ವಾಕ್ಯವನ್ನು ಆರಿಸಿಕೊಂಡದ್ದು ಅದರಲ್ಲಿ ಮ ಮತ್ತು ನ ಜಾಸ್ತಿ ಇವೆ ಎಂಬ ಕಾರಣಕ್ಕೆ ಮಾತ್ರ. ಕಾರ್ಖಾನೆಯಿಂದ ಬಂದ ಕೂಡಲೇ ಶುರು ಮಾಡಿದರೆ ಊಟದ ತನಕ. ಪೆಟ್ಟಿಗೆ ಪ್ರತಿ ಸಲವೂ "ಬಿದ್ದಿ, ದದ್ದ ಬದ್ದಿಸು, ತಪ್ಪು ದದ್ದು," ಎನ್ನುತ್ತದೆ. ಹಠ ಬಿಡುವವನು ನಾನಲ್ಲ.

ಮಾರ್ಚ್ 12, ಗುರುವಾರ

ಚರ್ಚಿನ ಹಿರಿಯಮ್ಮ, ಮದರ್ ಜೆಲ್ಮಾ, ನಮ್ಮ ಮನೆಯ ಮುಂದೆ ಹಾದುಹೋಗುವಾಗ ನೆಲಮಾಳಿಗೆಯ ಕಿಟಕಿಯಿಂದ ನನ್ನ ಅಭ್ಯಾಸ ಕೇಳಿದರಂತೆ. ಮೊಣಕಾಲೂರಿ ಇಣುಕಿದಾಗ ನಾನು ಕಣ್ಣು ಮುಚ್ಚಿ, ಜೊಲ್ಲು ಸುರಿಸುತ್ತ, ಅರಿಯದ ಭಾಷೆಯಲ್ಲಿ ಕೂಗುತ್ತಿದ್ದೆನಂತೆ. ಸಂಜೆಗೆ ಪಾಸ್ಟರ್ ಟಾಲಿವರ್, ಚರ್ಚಿನ ಆಡಳಿತ ನೋಡುವ ಡೀಕನ್ ಪರ್ಡಿ, ಮದರ್ ಜೆಲ್ಮಾ ಮೂವರೂ ಮನೆಗೆ ಬಂದರು. ಮಿನ್ನಿ ಅವರಿಗೆ ಪೀಚ್ ಹಣ್ಣಿನ ಸಿಹಿ ಕಾಬ್ಲರ್ ಕೊಟ್ಟು, ನನಗೆ ಖಾಲಿ ಚಮಚ ಕೊಟ್ಟು ಒಳಗೆ ಹೋದಳು.

"ಬ್ರದರ್ ಕ್ರಚರ್, ನಿಮಗ ಅನ್ಯಭಾಷಾ ಬಂದೈತಂತ?" ಎಂದರು ಡೀಕನ್. ಪವಿತ್ರಾತ್ಮ ಮೈಮೇಲೆ ಬಂದಾಗ ಬಾಯಿಂದ ಹೊರಡುವ, ಯಾರಿಗೂ ಅರಿಯದ ಮಾತಿಗೆ ಹಾಗೆನ್ನುತ್ತಾರೆ.

"ಅದು ಭಾಷಾ ಅಲ್ರೀ, ಕೊಳವಿ."

"ನಾವು ಬ್ಯಾಪ್ಟಿಸ್ಟ್ ಮಂದಿ. ಅನ್ಯಭಾಷಾ ಎಲ್ಲಾ ಮೂಲಿ ಮ್ಯಾಲಿನ ಪೆಂಟಕೋಸ್ಟ್ ಚರ್ಚಿನವರದು. ನಮ್ಮಲ್ಲಿ ಆ ಪದ್ಧತಿ ಇಲ್ಲ."

"ಡೀಕನ್, ಪವಿತ್ರಾತ್ಮ ಕೊಳವ್ಯಾಗ ಬರಬಾರದು ಅಂತ ಎಲ್ಲ್ಯಾರ ಬರದೈತೇನು?" ಎಂದರು ಮದರ್ ಜೆಲ್ಮಾ. "ಹುಡುಗನ ಬಾಯಾಗ ಬಂದೈತಿ, ನಾ ಕಣ್ಣಾರೆ ನೋಡೀನಿ."

ನಾನು ಪೆಟ್ಟಿಗೆ ಬಿಚ್ಚಿ ತೋರಿಸಿದೆ. ಯೂನಿಟ್, ಕೆಪಾಸಿಟರ್, ನನ್ನ ಅಂಗಿಗಳು. ಮದರ್ ಜೆಲ್ಮಾ ಕೊಳವೆಯನ್ನು ಮುಟ್ಟಿ ಕೈ ಎದೆಗಿಟ್ಟುಕೊಂಡರು. ಪಾಸ್ಟರ್ ಎರಡು ತಟ್ಟೆ ಕಾಬ್ಲರ್ ಮುಗಿಸಿ ತೀರ್ಪು ಕೊಟ್ಟರು. ಅರಿಯದ ಭಾಷೆಯಲ್ಲಿ ಒಬ್ಬರು ಮಾತಾಡಿದರೆ ಅರ್ಥ ಹೇಳಲು ಇನ್ನೊಬ್ಬರು ಇರಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಅದು ಹಳೆಯ ನಿಯಮ, ಎಲ್ಲ ಸಭೆಗೂ ಒಂದೇ.

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

ಮಾರ್ಚ್ 15, ಭಾನುವಾರ

ಚರ್ಚಿನಿಂದ ಈಗ ಬಂದೆ.

ಭಾನುವಾರದ ಬೈಬಲ್ ಶಾಲೆಗೂ ಮುಂಚೆಯೇ ಹೋಗಿ ಸಿಂಥ್ ಹಚ್ಚಿಟ್ಟಿದ್ದೆ, ಬೆಚ್ಚಗಾಗಲಿ ಎಂದು. ಮಿನ್ನಿ ಹಳದಿ ಟೋಪಿ ಹಾಕಿ ಮುಂದಿನ ಸಾಲಿನಲ್ಲಿ, ಗಾಯನ ತಂಡದವರಿಂದ ದೂರ, ಒಬ್ಬಳೇ ಕೂತಿದ್ದಳು. ನಾಳೆಯ ಬಸ್ಸಿನ ಚೀಟಿ ಅವಳ ಕೈಚೀಲದಲ್ಲಿತ್ತು. ನನಗೆ ಗೊತ್ತು, ಬೆಳಗ್ಗೆ ಮೇಜಿನ ಮೇಲೆ ಕಂಡಿದ್ದೆ.

ಪಾಸ್ಟರ್ ಸನ್ನೆ ಮಾಡಿದರು. ಕೊಳವೆ ಕಚ್ಚಿದೆ, ಮೈಕು ಹತ್ತಿರ ಎಳೆದೆ, ಭಕ್ತಿಗೀತೆಯ ಮೊದಲ ಸ್ವರ ಒತ್ತಿದೆ. ಸ್ವರ ಸರಿಯಾಗಿಯೇ ಬಂತು. ಆದರೆ ಬಾಯಿ ವಾರದಿಂದ ಒಂದೇ ಮಾತಿಗೆ ಪಳಗಿತ್ತು, ರೂಢಿಯ ಮೇಲೆ ಹೋಯಿತು.

"ಬಿದ್ದಿ, ದದ್ದ ಬದ್ದಿಸು, ತಪ್ಪು ದದ್ದು."

ಕಿಕ್ಕಿರಿದ ಸಭೆಯ ಕೈಬೀಸಣಿಗೆಗಳೆಲ್ಲ ಒಮ್ಮೆಲೇ ನಿಂತವು. ಗೀತೆಗೆ ಮರಳಬೇಕೆಂದು ಇನ್ನೊಂದು ಸ್ವರ ಒತ್ತಿದೆ. ಮತ್ತೆ ಅದೇ ಬಂತು, ಇನ್ನೂ ಜೋರಾಗಿ.

"ಅನ್ಯಭಾಷಾ!" ಎಂದು ಯಾರೋ ಕೂಗಿದರು. ಪಾಸ್ಟರ್ ಕೈ ಎತ್ತಿದರು. "ನಿಯಮ ಅಂದ್ರ ನಿಯಮ. ಇದಕ್ಕ ಅರ್ಥ ಹೇಳೋರು ಯಾರರ ಅದಾರೇನು?"

ಮದರ್ ಜೆಲ್ಮಾ ಕೋಲೂರಿ ಎದ್ದರು. "ನನಗ ತಿಳೀತು! ಬ್ರದರ್ ಕ್ರಚರ್ ಬಿದ್ದಾರ. ಬಿದ್ದಲ್ಲಿ ಮೈತುಂಬ ದದ್ದು ಎದ್ದಾವ!"

"ಅಲ್ಲ, ಅಲ್ಲ," ಎಂದರು ಡೀಕನ್ ಪರ್ಡಿ. "ತಪ್ಪಲ ಅಂದ್ರು, ನಾ ಕೇಳೀನಿ. ಬುಧವಾರದ ಸಭಾ ಊಟದಾಗ ತಪ್ಪಲ ಸೊಪ್ಪಿನ ಪಲ್ಯಾ ತಿಂದು ದದ್ದು ಎದ್ದಾವ."

ಚರ್ಚಿನ ಅಡುಗೆ ನೋಡಿಕೊಳ್ಳುವ ಸಿಸ್ಟರ್ ಒಡೆಸಾ ಹಿಂದಿನಿಂದ ಎದ್ದರು. "ಇಪ್ಪತ್ತು ವರ್ಷದಿಂದ ನನ್ನ ತಪ್ಪಲ ಪಲ್ಯಾ ತಿಂತೀರಿ! ಒಬ್ಬರಿಗರ ಏನರ ಆಗೇತೇನು?"

ಮೂವರು ಬಂದು ನನ್ನ ದದ್ದು ಗುಣವಾಗಲಿ ಎಂದು ಪ್ರಾರ್ಥಿಸುತ್ತ ತಲೆಯ ಮೇಲೆ ಕೈಯಿಟ್ಟರು. ಒಬ್ಬರು ಅಂಗಿಯ ಕಾಲರ್ ಸರಿಸಿ ಬೆನ್ನು ನೋಡಿದರು. ನಾನು ಬಿಡಿಸಿ ಹೇಳಲು ಹೋದಷ್ಟೂ ಕೊಳವೆ ದದ್ದು ದದ್ದು ಎಂದಿತು. ಕೊಳವೆ ತೆಗೆದು ಹೇಳಬಹುದಿತ್ತು. ಅದು ಈಗ ಹೊಳೆಯುತ್ತಿದೆ.

ಆಗ ಹಳದಿ ಟೋಪಿ ಮೇಲೆದ್ದಿತು.

"ಎಲ್ಲಾರೂ ಕೂಡ್ರಿ," ಎಂದಳು ಮಿನ್ನಿ. "ಅರ್ಥ ನಾ ಹೇಳ್ತೀನಿ. ಹದಿನಾಲ್ಕು ವರ್ಷ ಇದಽ ಬಾಯಿ ಕೇಳೀನಿ, ಊಟಾ ಮಾಡ್ತಾ ಮಾತಾಡಿದ್ರೂ ತಿಳಿತೈತಿ." ಸಭೆಯ ಕಡೆಗೇ ತಿರುಗಿ ನಿಂತಳು. "ಮಿನ್ನಿ, ನನ್ನ ಮನ್ನಿಸು, ತಪ್ಪು ನಂದು. ಹಂಗ ಅಂತಾನ."

ಇಡೀ ಚರ್ಚು ಹ್ಞಾಂ ಎಂದು ಉಸಿರು ಬಿಟ್ಟಿತು.

"ಇನ್ನೂ ಐತಿ. ಅವತ್ತು ಆಕಿ ಬಿದ್ದಿರ್ಲಿಲ್ಲ, ನನ್ನ ಡಬ್ಬಿ ಏರಿತ್ತು, ಅಂತಾನ."

ಅಷ್ಟನ್ನು ನಾನು ಹೇಳಿರಲಿಲ್ಲ. ಥ್ಯಾಡಿಯಸ್ ಚಾವಣಿ ನೋಡುತ್ತಿದ್ದ.

"ಆಕೀ ಟೋಪಿ ಪೆಟ್ಟಿಗಿ ಕೇಳದಽ ತಗೊಂಡೀನಿ, ಹೊಸಾದು ತಂದು ಕೊಡ್ತೀನಿ, ಅಂತಾನ. ವಾಷಿಂಗ್ ಮಷೀನಿನ ಕೊಳವಿ ತಿರುಗಿ ಹಾಕ್ತೀನಿ, ಅಂತಾನ. ಕಸದ ದಿನ ಬುಧವಾರ, ಅಂತಾನ."

"ಇದು ಖರೇನಾ, ಬ್ರದರ್ ಕ್ರಚರ್?" ಎಂದರು ಪಾಸ್ಟರ್.

ಒಂದು ಸ್ವರ ಒತ್ತಿದೆ. "ಹೌದು," ಎಂದಿತು ಪೆಟ್ಟಿಗೆ. ಆ ಪದದಲ್ಲಿ ಮ ಇಲ್ಲ, ನ ಇಲ್ಲ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಗಂಟೆ ಹೊಡೆದಂತೆ ಬಂತು.

ಜನ ಎದ್ದು ಚಪ್ಪಾಳೆ ತಟ್ಟಿದರು. ಮಿನ್ನಿ ಕೂತಳು. ಕಾರಿನಲ್ಲಿ ಪಕ್ಕದಲ್ಲೇ ಕೂತು ಬಂದಳು, ಹೊರಗೆ ನೋಡುತ್ತ. ಎಲ್ಲವನ್ನೂ ಸಭೆಗೆ ಹೇಳಿದಳು, ನನಗೆ ಹೇಳಿದ್ದಲ್ಲ. ಈಗ ಮೇಲೆ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಾಳೆ. ಕೋಟನ್ನು ಬಾಗಿಲ ಹಿಂದಿನಿಂದ ತೆಗೆದುಕೊಂಡದ್ದು ಕೇಳಿಸಿತು. ಹೋಗಬೇಡ ಎನ್ನಲು ನನಗೆ ಬಾಯಿಲ್ಲ.

ಅದೇ ದಿನ, ಸಂಜೆ

ಕಾರಿನಿಂದ ಸಿಂಥ್ ತಂದು ನೆಲಮಾಳಿಗೆಗೆ ಇಳಿಸುತ್ತಿದ್ದೆ. ಮೇಲಿನಿಂದ ಎರಡನೆಯ ಮೆಟ್ಟಿಲಲ್ಲಿ ಕೊಳವೆ ಕಾಲಿಗೆ ಸುತ್ತಿಕೊಂಡಿತು. ಆಮೇಲಿನ ಮೆಟ್ಟಿಲುಗಳನ್ನು ನಾನು, ಸಿಂಥ್, ಟೋಪಿ ಪೆಟ್ಟಿಗೆ, ಮೂವರೂ ಕೂಡಿಯೇ ಇಳಿದೆವು. ಕೆಳಗೆ ಮೊದಲು ಮುಟ್ಟಿದವನು ನಾನು.

ಮೇಲೆ ಬಾಗಿಲಲ್ಲಿ ಮಿನ್ನಿ ಬಂದು ನಿಂತಳು. ಕೈಯಲ್ಲಿ ಕೋಟು.

"ಬಿದ್ದಿ?" ಎಂದಳು.

ಕೊಳವೆ ದೂರ ಬಿದ್ದಿತ್ತು. ಬಾಯಲ್ಲಿ ಏನೂ ಇರಲಿಲ್ಲ.

"ಬಿದ್ದೆ," ಅಂದೆ. "ಅವತ್ತೂ ಬಿದ್ದಾಂವ ನಾನಽ, ಮಿನ್ನಿ. ಹೋಗಬ್ಯಾಡ."

"ಏನಂದಿ? ಕೇಳಸ್ಲಿಲ್ಲ."

ಕೇಳಿಸಿತ್ತು. ಮತ್ತೊಮ್ಮೆ ಹೇಳಿದೆ. ಮೂಗಿನ ಅಕ್ಷರಗಳೆಲ್ಲ ಸರಿಯಾಗಿಯೇ ಬಂದವು. ಅವಳು ಕಣ್ಣು ಮುಚ್ಚಿದಳು, ಸ್ವಲ್ಪ ಹೊತ್ತು ಸದ್ದಿರಲಿಲ್ಲ, ಆಮೇಲೆ ಬಂತು, ಎಷ್ಟು ಬಂತೆಂದರೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಡಬ್ಬಿಗೆ ಏನರ ಆತೇನು?" ಎಂದು ಕಣ್ಣೊರೆಸಿಕೊಂಡು ಕೇಳಿದಳು.

"ಇಲ್ಲ. ನನ್ನ ಮ್ಯಾಲ ಬಿದ್ದೈತಿ."

"ಹಂಗಾರ ಹಚ್ಚಿಡು. ಅದು ಬಿಸಿ ಆಗೂ ತನಾ ನಾ ಸೂಟ್‌ಕೇಸ್ ಬಿಚ್ಚಿ ಬರ್ತೀನಿ."

ಹಚ್ಚಿದ್ದೇನೆ. ಕೂರಲು ಆಗುತ್ತಿಲ್ಲ, ಆದ್ದರಿಂದ ಇದನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಮೇಲೆ ಕಪಾಟಿನ ಬಾಗಿಲು ತೆಗೆಯುವ ಸದ್ದು, ಅದರ ಜೊತೆಗೆ ಅವಳ ಗೊಣಗಾಟವೂ ಕೇಳುತ್ತಿದೆ. ನನ್ನ ಅಂಗಿಗಳೆಲ್ಲ ಎಲ್ಲಿ ಹೋದವು ಎಂದು ಕೇಳುತ್ತಿದ್ದಾಳೆ.